ನೇಪಾಳದ ನಕ್ಷೆ ಓದುವ ಬಗೆ: ಕಿಲೋಮೀಟರ್ ಬಿಡಿ, ಮೀಟರ್ ಹಿಡಿಯಿರಿ

ಪೊಖರಾದಿಂದ ಮುಕ್ತಿನಾಥಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದರೆ ಸುಮಾರು 70 ಕಿ.ಮೀ. ಬೆಂಗಳೂರಿನಿಂದ ತುಮಕೂರಿಗೆ ಹೋದಷ್ಟು. ಜೀಪಿನಲ್ಲಿ ಹೊರಟರೆ ಅದೇ ದೂರಕ್ಕೆ ಒಂದಿಡೀ ದಿನ ಬೇಕು. ಬೆಳಗ್ಗೆ ಹೊರಟ ಊರು 820 ಮೀಟರ್ ಎತ್ತರದಲ್ಲಿದೆ, ಸಂಜೆ ತಲುಪುವ ಊರು 3,700 ಮೀಟರ್ ದಾಟಿದೆ. ಮೊದಲನೆಯದರಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಹತ್ತಿರ ಮಳೆ, ಎರಡನೆಯದು ಮಳೆಯೇ ತಲುಪದ ಬಯಲುಸೀಮೆ. ನಮ್ಮ ಕಡೆಯಿಂದ ಹೋಗುವ ಬಹುಪಾಲು ಯಾತ್ರಿಕರ ಯೋಜನೆ ಕೆಡುವುದು ಇಲ್ಲಿಯೇ. ದಿನಗಳನ್ನು ಕಿಲೋಮೀಟರ್ ಲೆಕ್ಕದಲ್ಲಿ ಹಂಚಿರುತ್ತಾರೆ, ಆದರೆ ನೇಪಾಳದಲ್ಲಿ ದಿನವನ್ನು ನುಂಗುವುದು ಎತ್ತರ.

ದೇಶ ದೊಡ್ಡದೇನಲ್ಲ. ವಿಸ್ತೀರ್ಣ 1,47,516 ಚದರ ಕಿ.ಮೀ., ಕರ್ನಾಟಕದ ಸುಮಾರು ಮುಕ್ಕಾಲು ಭಾಗ. ಪೂರ್ವ–ಪಶ್ಚಿಮವಾಗಿ 800 ಕಿ.ಮೀ.ಗೂ ಹೆಚ್ಚು ಉದ್ದ, ಉತ್ತರ–ದಕ್ಷಿಣವಾಗಿ ಸರಾಸರಿ 200 ಕಿ.ಮೀ.ಗಿಂತ ಕಡಿಮೆ ಅಗಲ. ಆ ಕಿರಿದಾದ ಅಗಲದೊಳಗೆ ನೆಲ 60–70 ಮೀಟರ್‌ನಿಂದ 8,848.86 ಮೀಟರ್‌ವರೆಗೆ ಏರುತ್ತದೆ. ಈ ಏರಿಕೆಯನ್ನು ಹೇಗೆ ಓದಬೇಕು, ಅದರ ಮೇಲೆ ಪ್ರವಾಸವನ್ನೋ ಯಾತ್ರೆಯನ್ನೋ ಹೇಗೆ ಕೂರಿಸಬೇಕು ಎಂಬುದನ್ನು ಹಂತಹಂತವಾಗಿ ನೋಡೋಣ. ಒಂದು ಕಾಗದ, ಪೆನ್ಸಿಲ್, ಎತ್ತರ ತೋರಿಸುವ ಭೌತಿಕ ನಕ್ಷೆ ಜೊತೆಗಿರಲಿ.

1. ನಕ್ಷೆಯನ್ನು ಅಡ್ಡಡ್ಡ ಪಟ್ಟಿಗಳಾಗಿ ಸೀಳಿ

ಪ್ರಾಂತ್ಯಗಳಿಗೆ ಬಣ್ಣ ಬಳಿದ ನಕ್ಷೆ ಈ ಕೆಲಸಕ್ಕೆ ಬಾರದು. ಕೋಶಿ ಪ್ರಾಂತ್ಯವನ್ನೇ ನೋಡಿ: ಬಿಸಿಲಿಗೆ ಬೇಯುವ ಝಾಪಾದ ಗದ್ದೆಗಳೂ ಅದರಲ್ಲೇ, ಎವರೆಸ್ಟ್ ಶಿಖರವೂ ಅದರಲ್ಲೇ. ಹಾಗಾಗಿ ಪ್ರಾಂತ್ಯದ ಗಡಿ ಮರೆತು, ವಾಯವ್ಯದಿಂದ ಆಗ್ನೇಯಕ್ಕೆ ಓರೆಯಾಗಿ ಮಲಗಿರುವ ಪಟ್ಟಿಗಳನ್ನು ಗುರುತಿಸಿ.

ತೀರಾ ಕೆಳಗಿನದು ತರಾಯಿ. ಗಂಗಾ ಬಯಲಿನ ಅಂಚು, ಸುಮಾರು 60ರಿಂದ 300 ಮೀಟರ್, ಅಗಲ ಹೆಚ್ಚೆಂದರೆ 30–40 ಕಿ.ಮೀ. ಜನಕಪುರ, ಲುಂಬಿನಿ, ಬೀರಗಂಜ್, ನೇಪಾಲಗಂಜ್ ಇಲ್ಲಿವೆ. ನೇಪಾಳವೆಂದರೆ ಬರೀ ಬೆಟ್ಟ ಎಂದುಕೊಂಡವರು ಒಂದು ಅಂಕಿ ನೆನಪಿಡಬೇಕು: 2021ರ ಜನಗಣತಿಯಂತೆ ದೇಶದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ 53ಕ್ಕೂ ಮೀರಿ, ತರಾಯಿಯ ಜಿಲ್ಲೆಗಳಲ್ಲಿದ್ದಾರೆ. ಮೇಲಿನ ಹಿಮಾಲ ಜಿಲ್ಲೆಗಳಲ್ಲಿರುವವರು ಶೇ 6ರಷ್ಟು ಮಾತ್ರ. 1950ರ ದಶಕದಲ್ಲಿ ಮಲೇರಿಯಾ ನಿಯಂತ್ರಣ ಶುರುವಾದ ಮೇಲೆ ಬೆಟ್ಟದ ಜನ ಇಳಿದು ಬಂದು ಕಾಡು ಕಡಿದು ನೆಲೆಸಿದ ಪರಿಣಾಮ ಇದು.

ತರಾಯಿಯ ಬೆನ್ನಿಗೆ ಚುರೆ ಬೆಟ್ಟಸಾಲು, ನಾವು ಶಾಲೆಯಲ್ಲಿ ಶಿವಾಲಿಕ್ ಎಂದು ಓದಿದ್ದು. ಎತ್ತರ ಹೆಚ್ಚೆಂದರೆ ಸಾವಿರದೈನೂರು ಮೀಟರ್, ಆದರೆ ಉಪದ್ರವ ದೊಡ್ಡದು. ಇದು ಗಟ್ಟಿ ಬಂಡೆಯಲ್ಲ. ಹಿಮಾಲಯದಿಂದ ಕೊಚ್ಚಿಬಂದ ಮರಳು, ಜಲ್ಲಿ, ಜೇಡಿ ಒಟ್ಟಾಗಿ ಮೇಲೆದ್ದ ಎಳೆಯ ಬೆಟ್ಟ. ಮಳೆ ಬಿದ್ದರೆ ಕುಸಿಯುತ್ತದೆ. ಅದರ ಬುಡದ ಭಾಬರ್ ಪಟ್ಟಿಯಲ್ಲಿ ಹೊಳೆಗಳು ಜಲ್ಲಿಯೊಳಗೆ ಇಂಗಿ ಮಾಯವಾಗಿ, ತರಾಯಿಯಲ್ಲಿ ಮತ್ತೆ ಒರತೆಯಾಗಿ ಏಳುತ್ತವೆ. ಫೆಬ್ರುವರಿಯಲ್ಲಿ ನೀವು ದಾಟುವ ಅರ್ಧ ಕಿ.ಮೀ. ಉದ್ದದ ಸೇತುವೆ ಕೆಳಗೆ ಬರೀ ಮರಳು ಕಂಡರೆ ಸೇತುವೆ ಕಟ್ಟಿದವರನ್ನು ನಗಬೇಡಿ. ಜುಲೈಯಲ್ಲಿ ಆ ಅಗಲವೂ ಸಾಲದು.

ಚುರೆ ಮತ್ತು ಅದರ ಹಿಂದಿನ ಬೆಟ್ಟಸಾಲಿನ ನಡುವೆ ಅಲ್ಲಲ್ಲಿ ಉದ್ದನೆಯ ಬೋಗುಣಿಗಳಂಥ ಕಣಿವೆಗಳಿವೆ. ಚಿತವನ, ದಾಂಗ್, ಸುರ್ಖೇತ್ ಇಂಥವು. ಇದು ಭಿತ್ರಿ ಮಧೇಸ, ಎಂದರೆ ಒಳತರಾಯಿ. ಹೆಸರಿಗೆ ಬೆಟ್ಟದೊಳಗೆ, ಸೆಖೆ ಮಾತ್ರ ಬಯಲಿನದು.

ಮುಂದಿನದು ಮಹಾಭಾರತ ಲೇಖ್. ಎರಡು ಸಾವಿರದಿಂದ ಮೂರು ಸಾವಿರ ಮೀಟರ್‌ನ ಈ ಗಟ್ಟಿ ಗೋಡೆ ದೇಶದ ಭೂಗೋಳದ ಬೀಗವಿದ್ದ ಹಾಗೆ. ಹಿಮಾಲಯದಿಂದ ದಕ್ಷಿಣಕ್ಕೆ ಬರುವ ನದಿಗಳು ಇದಕ್ಕೆ ತಗುಲಿ ತಿರುಗಿ, ಗೋಡೆಯ ಪಕ್ಕದಲ್ಲೇ ಪೂರ್ವಕ್ಕೋ ಪಶ್ಚಿಮಕ್ಕೋ ನೂರಾರು ಕಿ.ಮೀ. ಹರಿದು, ಮುಖ್ಯವಾಗಿ ಮೂರು ಬಾಗಿಲುಗಳಲ್ಲಿ ಹೊರಬೀಳುತ್ತವೆ: ಚತರಾದಲ್ಲಿ ಕೋಶಿ, ದೇವಘಾಟ್‌ನಲ್ಲಿ ನಾರಾಯಣಿ, ಚಿಸಾಪಾನಿಯಲ್ಲಿ ಕರ್ನಾಲಿ. ನಕ್ಷೆಯಲ್ಲಿ ಈ ಮೂರಕ್ಕೆ ಸುತ್ತು ಹಾಕಿ. ರಸ್ತೆಗಳೂ ಹೆಚ್ಚಾಗಿ ನದಿಯ ಜಾಡನ್ನೇ ಹಿಡಿದಿರುವುದರಿಂದ, ಮಳೆಗಾಲದಲ್ಲಿ ದೇಶದ ಉಸಿರು ಕಟ್ಟುವುದು ಇಂಥ ಕಿರಿದಾದ ಕಣಿವೆಗಳಲ್ಲೇ. ದೇವಘಾಟ್‌ನ ಹತ್ತಿರದ ನಾರಾಯಣಗಢ–ಮುಗ್ಲಿಂಗ್ ರಸ್ತೆಯಲ್ಲಿ 2024ರ ಜುಲೈ 12ರ ಮುಂಜಾವ ಭೂಕುಸಿತ ಎರಡು ಬಸ್ಸುಗಳನ್ನು ತ್ರಿಶೂಲಿ ನದಿಗೆ ತಳ್ಳಿತು.

ಆ ಗೋಡೆಯ ಆಚೆ ಪಹಾಡ್. ಕಾಠ್ಮಂಡು, ಪೊಖರಾ, ಗೋರ್ಖಾ, ಮೆಟ್ಟಿಲು ಗದ್ದೆಗಳು, ಒಂದರ ಹಿಂದೊಂದು ಬೆಟ್ಟ. ಅದರ ಮೇಲೆ ಹಿಮಾಲ್. ಹಿಮಾಲದ ಬೆನ್ನ ಹಿಂದೆ ಮಸ್ತಾಂಗ್, ಮನಾಂಗ್‌ನ ಮೇಲ್ಭಾಗ, ಡೋಲ್ಪೋ: ನಕ್ಷೆಯಲ್ಲಿ ನೇಪಾಳ, ಹವೆಯಲ್ಲಿ ಟಿಬೆಟ್.

ಒಂದು ಮಾತು ಗಮನಿಸಿ. ನೇಪಾಳಿಯಲ್ಲಿ ಹಿಮ ನಿಲ್ಲದ ಬೆಟ್ಟಕ್ಕೆ ‘ಹಿಮಾಲ್’ ಎನ್ನುವುದಿಲ್ಲ. ಅದು ‘ಡಾಂಡಾ’, ಸ್ವಲ್ಪ ದೊಡ್ಡದಾದರೆ ‘ಲೇಖ್’. ನಮ್ಮ ಮುಳ್ಳಯ್ಯನಗಿರಿ, 1,930 ಮೀಟರ್, ಅಲ್ಲಿದ್ದರೆ ಹೆಸರಿಲ್ಲದ ಡಾಂಡಾ ಆಗಿರುತ್ತಿತ್ತೇನೋ.

2. ರಾತ್ರಿ ತಂಗುವ ಪ್ರತಿ ಊರಿನ ಎದುರು ಎತ್ತರ ಬರೆಯಿರಿ

ನೋಡುವ ಸ್ಥಳದ್ದಲ್ಲ, ಮಲಗುವ ಸ್ಥಳದ್ದು. ಈ ಒಂದು ಅಂಕಿ ಸಿಕ್ಕರೆ ಚಳಿ, ಬಟ್ಟೆ, ಊಟ, ಉಸಿರು ಎಲ್ಲದರ ಅಂದಾಜು ಸಿಗುತ್ತದೆ.

ಚಳಿಯ ಲೆಕ್ಕ ಸುಲಭ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕಾಠ್ಮಂಡು 1,350 ಮೀಟರ್, ಎವರೆಸ್ಟ್ ದಾರಿಯ ನಾಮ್ಚೆ ಬಜಾರ್ 3,440. ವ್ಯತ್ಯಾಸ ಎರಡು ಸಾವಿರ ಚಿಲ್ಲರೆ, ಎಂದರೆ 12–13 ಡಿಗ್ರಿ. ಕಾಠ್ಮಂಡುವಿನಲ್ಲಿ ಮಧ್ಯಾಹ್ನ 22 ಇದ್ದರೆ ನಾಮ್ಚೆಯಲ್ಲಿ 10ರ ಆಸುಪಾಸು. ಮೋಡ, ಗಾಳಿ, ಹಿಮ ಇದ್ದರೆ ಇನ್ನೂ ಕಡಿಮೆ. ರಾತ್ರಿಗೆ ಈ ಲೆಕ್ಕ ಅಷ್ಟು ನಂಬಿಕೆಗೆ ಅರ್ಹವಲ್ಲ. ತಂಪು ಗಾಳಿ ಭಾರವಾಗಿ ಕಣಿವೆಯ ತಳಕ್ಕೆ ಇಳಿಯುವುದರಿಂದ ಚಳಿಗಾಲದ ಮುಂಜಾವದಲ್ಲಿ ತಗ್ಗಿನ ಊರಿಗಿಂತ ಮೇಲಿನ ದಿಬ್ಬವೇ ಬೆಚ್ಚಗಿರಬಹುದು. ಕಾಠ್ಮಂಡು ಕಣಿವೆಯಲ್ಲಿ ಡಿಸೆಂಬರ್–ಜನವರಿಯಲ್ಲಿ ಹೊಗೆ ಮೇಲೇಳದೆ ಕೂರುವುದಕ್ಕೂ ಇದೇ ಕಾರಣ: ಕೆಳಗೆ ತಂಪು ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿಯ ಮುಚ್ಚಳ.

ಅಕ್ಷಾಂಶ ಹಲವರನ್ನು ದಾರಿ ತಪ್ಪಿಸುತ್ತದೆ. ಕಾಠ್ಮಂಡು ಇರುವುದು ದಿಲ್ಲಿಗಿಂತ ದಕ್ಷಿಣಕ್ಕೆ. ಪೊಖರಾ ಬೆಂಗಳೂರಿಗಿಂತ ತಗ್ಗಿನಲ್ಲಿದೆ, ನಮ್ಮದು ಸುಮಾರು 920 ಮೀಟರ್. ಬರೀ ಪೊಖರಾ–ಚಿತವನ–ಲುಂಬಿನಿ ಸುತ್ತುವವರು ಮೇ ತಿಂಗಳಲ್ಲಿ ಉಣ್ಣೆಯ ಕೋಟು ಹೊತ್ತು ಹೋಗಿ ಬೆವರುವುದು ಈ ಎರಡು ಸಂಗತಿ ಗೊತ್ತಿಲ್ಲದೆ.

ಫೋನಿನಲ್ಲಿ ಎತ್ತರ ಸಿಗದಿದ್ದರೆ ಗಿಡಮರ ನೋಡಿ ಅಂದಾಜಿಸಬಹುದು. ಸಾಲ ಮರದ ದಟ್ಟ ಕಾಡು ಸಾಮಾನ್ಯವಾಗಿ ಸಾವಿರ ಮೀಟರ್‌ವರೆಗೆ. ಅಲ್ಲಿಂದ ಎರಡು ಸಾವಿರದವರೆಗೆ ಚಿಲೌನೆ, ಕಟುಸ್ ಎಂಬ ಮರಗಳ ಕಾಡು, ಒಣ ಇಳಿಜಾರಿನಲ್ಲಿ ಉದ್ದೆಲೆಯ ಖೋಟೆ ಸಲ್ಲಾ ಪೈನ್. ಓಕ್ ಮರಗಳ ನಡುವೆ ಲಾಲಿಗುರಾಂಸ್ (ರೋಡೊಡೆಂಡ್ರಾನ್) ಕೆಂಪಗೆ ಹೂಬಿಟ್ಟಿದ್ದರೆ ನೀವು ಎರಡರಿಂದ ಮೂರು ಸಾವಿರದ ನಡುವೆ ಇದ್ದೀರಿ, ತಿಂಗಳು ಮಾರ್ಚ್ ಅಥವಾ ಏಪ್ರಿಲ್. ಸಿಪ್ಪೆ ಸುಲಿಯುವ ಭೋಜಪತ್ರ ಮರ ಕಂಡರೆ ಮೂರೂವರೆ ಸಾವಿರದ ಹತ್ತಿರ. ನಾಲ್ಕು ಸಾವಿರದ ಆಸುಪಾಸಿನಲ್ಲಿ ಮರವೇ ಮುಗಿಯುತ್ತದೆ, ಆಮೇಲೆ ಗಿಡ್ಡ ಜುನಿಪರ್ ಪೊದೆ, ಹುಲ್ಲು, ಕಲ್ಲು.

ಹೊಲವೂ ಅಷ್ಟೇ ಚೆನ್ನಾಗಿ ಹೇಳುತ್ತದೆ. ಭತ್ತ ಸಾಮಾನ್ಯವಾಗಿ ಎರಡು ಸಾವಿರ ಮೀಟರ್ ಒಳಗೆ. ಜುಮ್ಲಾದ ಮಾರ್ಸಿ ಭತ್ತ ಮೂರು ಸಾವಿರದ ಹತ್ತಿರ ಬೆಳೆಯುವುದು ಹೆಸರಾಂತ ಅಪವಾದ. ನೀರಾವರಿ ಇಲ್ಲದ ಪಹಾಡ್ ಇಳಿಜಾರಿನಲ್ಲಿ ಮೆಕ್ಕೆಜೋಳ ಮತ್ತು ‘ಕೋದೋ’. ಈ ಕೋದೋ ಎಂಬುದು ನಮ್ಮ ಹಾರಕವಲ್ಲ, ಸಾಕ್ಷಾತ್ ರಾಗಿ. ಅದರ ಹಿಟ್ಟಿನಿಂದ ತಿರುವುವ ‘ಢಿಂಡೋ’ ಮುದ್ದೆಯ ಹತ್ತಿರದ ನೆಂಟ. ಅನ್ನ ಸಿಗದ ಕಡೆ ಧೈರ್ಯವಾಗಿ ಕೇಳಿ. ಇನ್ನೂ ಮೇಲೆ ಫಾಪರ್ (ಬಕ್‌ವೀಟ್) ಎಂಬ ಮುಕ್ಕೋನೆಯ ಕಾಳು, ಬಾರ್ಲಿ, ಆಲೂಗಡ್ಡೆ.

ಮೇಲೆ ಬೇಳೆ ಏಕೆ ಬೇಯುವುದಿಲ್ಲ ಎಂಬುದಕ್ಕೂ ಎತ್ತರವೇ ಉತ್ತರ. ಸುಮಾರು 300 ಮೀಟರ್‌ಗೆ ಒಂದು ಡಿಗ್ರಿಯಂತೆ ನೀರಿನ ಕುದಿಬಿಂದು ಇಳಿಯುತ್ತದೆ. ಮುಕ್ತಿನಾಥದಲ್ಲಿ ನೀರು 88ರ ಸುಮಾರಿಗೇ ಕುದಿಯುತ್ತದೆ. ಸ್ವಂತ ಅಡುಗೆಯವರನ್ನು ಕರೆದೊಯ್ಯುವ ತಂಡಗಳು ಕುಕ್ಕರ್, ಅದಕ್ಕೊಂದು ಹೆಚ್ಚುವರಿ ಗ್ಯಾಸ್ಕೆಟ್ ಇಟ್ಟುಕೊಳ್ಳಬೇಕು. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟು ಕಾಯುವವರು ಇಂಧನ ಸುಡುತ್ತಾರೆ, ಸಾರು ಆಗುವುದಿಲ್ಲ. ಹೆಸರುಬೇಳೆ ಅಥವಾ ಅಲ್ಲಿ ಸಿಗುವ ಕೆಂಪು ಮಸೂರ ಬೇಗ ಬೇಯುತ್ತದೆ.

ಇಂಧನದ ಮಾತು ಬಂದಿತೆಂದು: ಕಡಲಿಲ್ಲದ ದೇಶಕ್ಕೆ ಹಡಗಿನ ಸರಕು ಹೆಚ್ಚಾಗಿ ಕೋಲ್ಕತ್ತಾ, ವಿಶಾಖಪಟ್ಟಣದ ಬಂದರುಗಳಿಂದ ಬೀರಗಂಜ್ ಮೂಲಕ ಬರುತ್ತದೆ. ಡೀಸೆಲ್‌ಗೆ ಬಿಹಾರದ ಮೋತಿಹಾರಿಯಿಂದ ಅಮ್ಲೇಖಗಂಜ್‌ಗೆ 69 ಕಿ.ಮೀ. ಕೊಳವೆಮಾರ್ಗ 2019ರಲ್ಲಿ ಶುರುವಾಯಿತು. ರಸ್ತೆ ಮುಗಿದ ಮೇಲೆ ಹೇಸರಗತ್ತೆ, ಚಮರಿಮೃಗ, ಮನುಷ್ಯರ ಬೆನ್ನು. ಹಾಗಾಗಿ ಮೇಲೆ ಹೋದಷ್ಟೂ ಒಂದು ಬಕೆಟ್ ಬಿಸಿನೀರಿಗೂ ಫೋನ್ ಚಾರ್ಜಿಂಗ್‌ಗೂ ದರ ಏರುತ್ತದೆ. ಅದನ್ನು ಸುಲಿಗೆ ಎಂದು ಜಗಳವಾಡುವ ಬದಲು ಖರ್ಚಿನ ಪಟ್ಟಿಯಲ್ಲಿ ಮೊದಲೇ ಸೇರಿಸಿ.

3. ಬೆಟ್ಟದ ಯಾವ ಮಗ್ಗುಲು ಎಂದು ಕೇಳಿ

ಎತ್ತರ ಒಂದೇ ಇದ್ದರೂ ಮಗ್ಗುಲು ಬದಲಾದರೆ ಹವೆಯೇ ಬೇರೆ. ಇದು ನಮಗೆ ಹೊಸದಲ್ಲ. ಆಗುಂಬೆಯಲ್ಲಿ ಏಳು ಸಾವಿರ ಮಿ.ಮೀ. ಸುರಿಯುವ ಮಳೆ ಘಟ್ಟ ಇಳಿದು ಚಳ್ಳಕೆರೆಗೆ ಬರುವಷ್ಟರಲ್ಲಿ ಐನೂರಕ್ಕೂ ಕಡಿಮೆಯಾಗಿರುತ್ತದೆ. ನೇಪಾಳದಲ್ಲಿ ಆಗುಂಬೆಯ ಪಾತ್ರ ಪೊಖರಾ ಪಕ್ಕದ ಲುಮ್ಲೆಯದು. ವರ್ಷಕ್ಕೆ ಐದು ಸಾವಿರ ಮಿ.ಮೀ. ಮೀರುತ್ತದೆ. ಅಲ್ಲಿಂದ ಉತ್ತರಕ್ಕೆ ನೇರ 60 ಕಿ.ಮೀ. ಒಳಗೆ ಇರುವ ಜೊಮ್ಸೊಮ್‌ನಲ್ಲಿ 300ರ ಆಸುಪಾಸು. ನಡುವೆ ಇರುವುದು ಘಟ್ಟವಲ್ಲ, ಅನ್ನಪೂರ್ಣಾ ಸಾಲು. ಪೊಖರಾದ ದಕ್ಷಿಣಕ್ಕೆ ಮಹಾಭಾರತ ಲೇಖ್ ತಗ್ಗಾಗಿರುವುದರಿಂದ ಮೋಡಗಳು ತಡೆಯಿಲ್ಲದೆ ನುಗ್ಗಿ 8,091 ಮೀಟರ್‌ನ ಗೋಡೆಗೆ ಬಡಿದು ಖಾಲಿಯಾಗುತ್ತವೆ.

ಆ ಗೋಡೆಗೆ ಒಂದು ಕಿಂಡಿ ಇದೆ: ಕಾಳಿಗಂಡಕಿ ಕಣಿವೆ. ಧೌಲಾಗಿರಿ (8,167 ಮೀ.) ಮತ್ತು ಅನ್ನಪೂರ್ಣಾ ನಡುವಿನ ಅಂತರ 35 ಕಿ.ಮೀ. ಅಷ್ಟೇ, ನಡುವೆ ನದಿ ಎರಡೂವರೆ ಸಾವಿರ ಮೀಟರ್‌ನ ಮಟ್ಟದಲ್ಲಿ ಹರಿಯುತ್ತದೆ. ಬೆಟ್ಟ ಏಳುವುದಕ್ಕೂ ಮೊದಲೇ ನದಿ ಇತ್ತು, ಬೆಟ್ಟ ಏಳುತ್ತ ಹೋದಂತೆ ಕೊರೆಯುತ್ತ ಉಳಿಯಿತು. ನಮ್ಮ ಮನೆಗಳ ದೇವರಪೆಟ್ಟಿಗೆಯ ಸಾಲಿಗ್ರಾಮ ಬಂದಿರುವುದೂ ಇಲ್ಲಿಂದಲೇ. ಟೆಥಿಸ್ ಕಡಲಿನ ತಳದಲ್ಲಿ ಹೂತ ಅಮ್ಮೊನೈಟ್ ಜೀವಿಗಳ ಸುರುಳಿ ಅದರೊಳಗಿನ ಚಕ್ರ. ಕಡಲಿಲ್ಲದ ದೇಶದ ನೆತ್ತಿಯಲ್ಲಿ ಕಡಲಿನ ಗುರುತು.

ಕಿಂಡಿಯ ಪ್ರಾಯೋಗಿಕ ಪರಿಣಾಮ ಗಾಳಿ. ಬಿಸಿಲೇರಿದಂತೆ ಟಿಬೆಟ್ ಕಡೆಯ ಒಣ ನೆಲ ಕಾಯ್ದು ಗಾಳಿ ಮೇಲೇಳುತ್ತದೆ, ಆ ಜಾಗ ತುಂಬಲು ದಕ್ಷಿಣದ ಗಾಳಿ ಕಣಿವೆಯಲ್ಲಿ ಕೊಳವೆಯೊಳಗೆ ನುಗ್ಗಿದಂತೆ ನುಗ್ಗುತ್ತದೆ. ಬೆಳಗ್ಗೆ ಹತ್ತು–ಹನ್ನೊಂದಕ್ಕೆ ಶುರುವಾದದ್ದು ಸಂಜೆಯವರೆಗೆ ನಿಲ್ಲುವುದಿಲ್ಲ. ಜೊಮ್ಸೊಮ್ ವಿಮಾನಗಳು ಬೆಳಗಿನ ಹೊತ್ತಷ್ಟೇ ಹಾರುವುದು ಇದಕ್ಕೇ. ಮುಕ್ತಿನಾಥದ ದಾರಿಯ ಕಾಗ್‌ಬೇನಿಯಲ್ಲಿ ಪಿತೃಕಾರ್ಯ ಮಾಡುವವರು ಸೂರ್ಯೋದಯವಾದ ಬೆನ್ನಿಗೇ ಮುಗಿಸಿಕೊಂಡರೆ ದರ್ಭೆ ಹಾರುವುದಿಲ್ಲ, ಕಣ್ಣಿಗೆ ಮರಳೂ ಬೀಳುವುದಿಲ್ಲ.

ಒಂದೇ ಕಣಿವೆಯೊಳಗೂ ಮಗ್ಗುಲು ಮುಖ್ಯ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಬಿಸಿಲು, ಊರು, ಹೊಲ; ಉತ್ತರಮುಖದಲ್ಲಿ ಕಾಡು, ತೇವ, ಕರಗದ ಹಿಮ. ಚಳಿಗಾಲದಲ್ಲಿ ದಾರಿ ಜಾರುವುದು ಹೆಚ್ಚಾಗಿ ಉತ್ತರಮುಖದಲ್ಲೇ.

4. ತಿಂಗಳನ್ನು ಪಟ್ಟಿಯ ಮೇಲೆ ಇಟ್ಟು ನೋಡಿ

‘ನೇಪಾಳಕ್ಕೆ ಹೋಗಲು ಒಳ್ಳೆಯ ತಿಂಗಳು ಯಾವುದು’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವ ಪಟ್ಟಿಗೆ ಎಂದು ಸೇರಿಸಿ ಕೇಳಬೇಕು.

ನಮ್ಮಲ್ಲಿ ಮಳೆ ಪಡುವಣದಿಂದ ಬರುತ್ತದೆ, ಅಲ್ಲಿ ಮೂಡಣದಿಂದ. ಬಂಗಾಳ ಕೊಲ್ಲಿಯ ಮೋಡ ಮೊದಲು ಪೂರ್ವ ನೇಪಾಳ ಮುಟ್ಟಿ, ದಿನ ಕಳೆದಂತೆ ಪಶ್ಚಿಮಕ್ಕೆ ಸರಿಯುತ್ತದೆ. ವಾಡಿಕೆಯ ದಿನ ಜೂನ್ 13, ನಿರ್ಗಮನ ಅಕ್ಟೋಬರ್ 2. ವರ್ಷದ ಮಳೆಯ ಶೇ 80ರಷ್ಟು ಈ ಅವಧಿಯಲ್ಲೇ. ಆದ್ದರಿಂದ ಜೂನ್ ಮೊದಲ ವಾರದಲ್ಲಿ ಹೋಗಲೇಬೇಕಾದವರು ಪಶ್ಚಿಮವನ್ನು ಆರಿಸಲಿ. ಚಳಿಗಾಲದಲ್ಲಿ ಇದು ತಿರುಗುಮುರುಗು. ಪಶ್ಚಿಮದಿಂದ ಬರುವ ಮಾರುತಗಳು ಜುಮ್ಲಾ, ಹುಮ್ಲಾ ಕಡೆ ಹೆಚ್ಚು ಹಿಮ ಸುರಿಸುತ್ತವೆ, ಪೂರ್ವ ಅಷ್ಟಾಗಿ ನೆನೆಯುವುದಿಲ್ಲ.

ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಪಹಾಡ್ ಪಟ್ಟಿಯ ಚಾರಣ ಬಿಟ್ಟುಬಿಡುವುದು ಲೇಸು. ಶಿಖರ ಕಾಣುವುದಿಲ್ಲ, ದಾರಿ ಜಾರುತ್ತದೆ, ಇಂಬಳ ಮಲೆನಾಡಿನಷ್ಟೇ ಧಾರಾಳ. ಸುಣ್ಣ, ತಂಬಾಕು, ಉಪ್ಪಿನ ಉಪಾಯ ಅಲ್ಲೂ ನಡೆಯುತ್ತದೆ. ಅದೇ ತಿಂಗಳುಗಳಲ್ಲಿ ಮೇಲಿನ ಮಸ್ತಾಂಗ್, ಡೋಲ್ಪೋ ನಡೆಯಲು ಯೋಗ್ಯ, ಅವು ಮಳೆನೆರಳಿನವು. ತೊಡಕು ಏನೆಂದರೆ ಅಲ್ಲಿಗೆ ತಲುಪಲು ಮಳೆಯ ಪಟ್ಟಿಯನ್ನೇ ಹಾಯಬೇಕು.

ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ಶರತ್ಕಾಲ. ಮಳೆ ಧೂಳನ್ನೆಲ್ಲ ತೊಳೆದು ಹೋಗಿರುತ್ತದೆ, ಶಿಖರಗಳು ಕೊರೆದಿಟ್ಟ ಹಾಗೆ ಕಾಣುತ್ತವೆ. ಎರಡು ಎಚ್ಚರಿಕೆ. ನಮ್ಮ ನವರಾತ್ರಿಯ ಹೊತ್ತೇ ಅಲ್ಲಿ ದಶೈಂ. ಊರಿಗೆ ಹೊರಟವರಿಂದ ಬಸ್ಸು ತುಂಬಿರುತ್ತದೆ, ಸಾಮಾನು ಹೊರುವವರೂ ಮನೆಗೆ ಹೋಗಿರುತ್ತಾರೆ. ಎರಡನೆಯದು, ಮಳೆಗಾಲ ಮುಗಿಯಿತೆಂದು ಕ್ಯಾಲೆಂಡರ್ ನಂಬಿ ಕೂರಬೇಡಿ. 2024ರಲ್ಲಿ ಸೆಪ್ಟೆಂಬರ್ ಕೊನೆಯ ವಾರದ ಮಳೆ ಕಾಠ್ಮಂಡು ಕಣಿವೆಯನ್ನೇ ಮುಳುಗಿಸಿ ದೇಶದಲ್ಲಿ ಇನ್ನೂರಕ್ಕೂ ಹೆಚ್ಚು ಜೀವ ತೆಗೆಯಿತು. 2014ರ ಅಕ್ಟೋಬರ್ 14ರಂದು, ವಿಶಾಖಪಟ್ಟಣದ ಬಳಿ ದಡ ಮುಟ್ಟಿದ್ದ ಹುದ್‌ಹುದ್ ಚಂಡಮಾರುತದ ಉಳಿಕೆ ಉತ್ತರಕ್ಕೆ ಸಾಗಿ, 5,416 ಮೀಟರ್‌ನ ಥೊರಾಂಗ್ ಲಾ ಸುತ್ತ ಹಿಮವಾಗಿ ಸುರಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್‌ನಲ್ಲಿ ಆಂಧ್ರ–ಒಡಿಶಾ ತೀರದ ಚಂಡಮಾರುತದ ಸುದ್ದಿ ಬಂದರೆ, ಮುಂದಿನ ನಾಲ್ಕು ದಿನ ಎತ್ತರದ ಕಣಿವೆದಾರಿ ದಾಟಬೇಡಿ.

ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ತೊಂದರೆ ಕೊಡುವುದು ಮೇಲಿನ ಹಿಮಕ್ಕಿಂತ ಕೆಳಗಿನ ಮಂಜು. ತರಾಯಿಯಲ್ಲಿ ಶೀತಲಹರ ಕವಿದರೆ ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ. ಜನಕಪುರ, ಭೈರಹವಾ, ನೇಪಾಲಗಂಜ್ ವಿಮಾನಗಳು ಮಧ್ಯಾಹ್ನಕ್ಕೆ ಜಾರುತ್ತವೆ. ಅದೇ ಹೊತ್ತಿಗೆ ಪಹಾಡ್‌ನ ಎರಡು ಸಾವಿರ ಮೀಟರ್‌ನ ದಿಬ್ಬದಲ್ಲಿ ಹೊಳೆಯುವ ಬಿಸಿಲು. ಕಡಿಮೆ ಜನ, ನಿಚ್ಚಳ ಆಕಾಶ ಬೇಕೆನ್ನುವವರಿಗೆ ಇದು ಯಾರೂ ಹೇಳದ ಒಳ್ಳೆಯ ಸಮಯ.

ಮಾರ್ಚ್–ಏಪ್ರಿಲ್ ಹೂವಿನ ಕಾಲ ಎಂದು ಜಾಹೀರಾತು ಹೇಳುತ್ತದೆ, ನಿಜವೇ. ಜೊತೆಗೆ ಅದು ಕಾಡ್ಗಿಚ್ಚಿನ ಕಾಲವೂ ಹೌದು ಎಂಬುದನ್ನು ಹೇಳುವುದಿಲ್ಲ. ಹೊಗೆ ಕಣಿವೆಗಳಲ್ಲಿ ತುಂಬಿ, ಪೊಖರಾದ ಕೆರೆದಂಡೆಯಿಂದ ಮಚ್ಛಾಪುಚ್ಛ್ರೆ ಶಿಖರ ವಾರಗಟ್ಟಲೆ ಕಾಣದಿರಬಹುದು. ಉಪಾಯ: ಸಂಜೆ ಗುಡುಗು ಸಹಿತ ಮಳೆ ಹೊಡೆದರೆ ಮರುದಿನ ಐದು ಗಂಟೆಗೆ ಎದ್ದು ಹೊರಗೆ ಬನ್ನಿ. ಆ ಎರಡು ಮೂರು ಗಂಟೆ ಅಕ್ಟೋಬರ್‌ಗೂ ಸಾಟಿ.

5. ದಾರಿಯನ್ನು ಗಂಟೆಯಲ್ಲಿ ಅಳೆಯಿರಿ, ಊರಿನ ಹೆಸರನ್ನು ಓದಿ

ಕಾಠ್ಮಂಡು–ಪೊಖರಾ 200 ಕಿ.ಮೀ. ಬೆಟ್ಟದ ರಸ್ತೆ, ಲಾರಿ, ದುರಸ್ತಿ ಸೇರಿ ಎಂಟು ಗಂಟೆ ಎಂದು ಬರೆದುಕೊಳ್ಳಿ, ಮಳೆಗಾಲದಲ್ಲಿ ಹತ್ತು. ಕಾಲುದಾರಿಯಲ್ಲಿ ಇಳಿದು ಏರುವ ಲೆಕ್ಕ ಬೇರೆ: 300 ಮೀಟರ್ ಏರಲು ಒಂದು ಗಂಟೆ, ಮೂರು ಸಾವಿರದ ಮೇಲೆ ಒಂದೂವರೆ. ಎದುರಿನ ಊರು ಕೂಗಿದರೆ ಕೇಳುವಷ್ಟು ಹತ್ತಿರ ಇರಬಹುದು. ನಡುವೆ ಹೊಳೆಗೆ ಆರುನೂರು ಮೀಟರ್ ಇಳಿದು ಮತ್ತೆ ಅಷ್ಟೇ ಏರಬೇಕಾದರೆ ಅರ್ಧ ದಿನ ಹೋಯಿತು.

ಹೆಸರುಗಳು ಅರ್ಧ ನಕ್ಷೆ. ‘ಬೇಸಿ’ ಎಂದರೆ ಹೊಳೆ ಮಟ್ಟದ ಬೆಚ್ಚನೆಯ ತಗ್ಗು, ಸ್ಯಾಬ್ರುಬೇಸಿಯಂತೆ. ‘ಫೇದಿ’ ಏರಿನ ಬುಡ: ಥೊರಾಂಗ್ ಫೇದಿ ಎಂದು ಕಂಡರೆ ಮರುದಿನ ಕಾಲು ಸೋಲುತ್ತದೆ ಎಂದರ್ಥ. ‘ಭಂಜ್ಯಾಂಗ್’, ‘ದೇವುರಾಲಿ’, ಟಿಬೆಟ್ ಮಾತಿನ ‘ಲಾ’ ಮೂರೂ ಬೆಟ್ಟದ ತೋಡು, ದಾಟುದಾರಿ. ‘ಖರ್ಕ’ ಬೇಸಿಗೆಯ ಮೇವಿನ ಮಾಳ. ಚಳಿಗಾಲದಲ್ಲಿ ಅಲ್ಲಿ ಯಾರೂ ಇಲ್ಲದೆ ಬಾಗಿಲು ಹಾಕಿರಬಹುದು. ‘ಟಾರ್’ ನದಿಯ ಮೇಲಿನ ಸಮತಟ್ಟು, ‘ಖೋಲಾ’ ಹಳ್ಳ, ‘ಕುಂಡ’ ಎತ್ತರದ ಕೊಳ.

ಹಳ್ಳದ ಪಕ್ಕದ ವಸತಿಗೃಹ ಅಗ್ಗವಿರುತ್ತದೆ, ಸದ್ದೂ ಹಿತ. ಮಳೆಗಾಲದಲ್ಲಿ ಮಾತ್ರ ‘ಟಾರ್’ ಮೇಲಿನ ಮನೆಯಲ್ಲೇ ಮಲಗಿ. ಮೇಲೆ ಮಳೆಯೇ ಇಲ್ಲದೆಯೂ ನೀರು ಬರಬಹುದು. 2025ರ ಜುಲೈ 8ರಂದು ಟಿಬೆಟ್ ಕಡೆಯ ಹಿಮನದಿಯ ಮೇಲಿನ ಕೆರೆ ಖಾಲಿಯಾಗಿ, ರಸುವಾಗಢಿಯಲ್ಲಿ ನೇಪಾಳ–ಚೀನಾ ಸೇತುವೆ ಕೊಚ್ಚಿಹೋಯಿತು. ಕೈಲಾಸ ಯಾತ್ರಿಕರ ದಾರಿ ಅದೇ.

6. ಮಲಗುವ ಎತ್ತರವನ್ನು ಮೆಟ್ಟಿಲಾಗಿ ಜೋಡಿಸಿ

ಎರಡನೇ ಹಂತದಲ್ಲಿ ಬರೆದ ಅಂಕಿಗಳನ್ನು ಈಗ ಸಾಲಾಗಿ ಇಡಿ. ನಿಯಮ: ಮೂರು ಸಾವಿರ ಮೀಟರ್ ದಾಟಿದ ಮೇಲೆ, ಒಂದು ರಾತ್ರಿಗೂ ಮುಂದಿನ ರಾತ್ರಿಗೂ ಮಲಗುವ ಎತ್ತರದ ವ್ಯತ್ಯಾಸ 500 ಮೀಟರ್ ಮೀರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಊರಿನಲ್ಲಿ ಎರಡು ರಾತ್ರಿ. ಹಗಲು ಎಷ್ಟು ಬೇಕಾದರೂ ಹತ್ತಿ ಇಳಿಯಿರಿ.

ಎವರೆಸ್ಟ್ ದಾರಿಯ ವಾಡಿಕೆಯ ಮೆಟ್ಟಿಲು ಹೀಗಿದೆ, ಅಲ್ಲಲ್ಲಿ 500ನ್ನು ಮೀರುತ್ತದೆ: ಲುಕ್ಲಾ 2,850ಕ್ಕೆ ಇಳಿದು ಫಾಕ್‌ಡಿಂಗ್ 2,610ರಲ್ಲಿ ಮಲಗುವುದು, ನಾಮ್ಚೆ 3,440ರಲ್ಲಿ ಎರಡು ರಾತ್ರಿ, ತೆಂಗ್‌ಬೋಚೆ 3,860, ದಿಂಗ್‌ಬೋಚೆ 4,410ರಲ್ಲಿ ಎರಡು, ಲೋಬುಚೆ 4,940, ಗೋರಕ್‌ಶೇಪ್ 5,160. ಇದರಲ್ಲಿ ಎರಡನೇ ರಾತ್ರಿಗಳನ್ನು ಉಳಿತಾಯದ ದಿನ ಎಂದು ಕತ್ತರಿಸುವವರೇ ಹೆಲಿಕಾಪ್ಟರ್‌ನಲ್ಲಿ ಇಳಿಯುವವರು.

ಮುಕ್ತಿನಾಥಕ್ಕೆ ವಿಮಾನದಲ್ಲಿ ಹೋಗುವವರು 820 ಮೀಟರ್‌ನಿಂದ ಇಪ್ಪತ್ತು ನಿಮಿಷದಲ್ಲಿ 2,700ಕ್ಕೆ, ಅಲ್ಲಿಂದ ಜೀಪಿನಲ್ಲಿ ಎರಡು ಗಂಟೆಯೊಳಗೆ 3,700 ದಾಟುತ್ತಾರೆ. ದರ್ಶನ ಮುಗಿಸಿ ಮಧ್ಯಾಹ್ನವೇ ಇಳಿದುಬಿಟ್ಟರೆ ಹೆಚ್ಚಿನವರಿಗೆ ತಲೆಭಾರದಷ್ಟೇ. ಮೇಲೆಯೇ ರಾತ್ರಿ ಉಳಿದರೆ ಪಾಡು ಬೇರೆ. ಮೊದಲ ರಾತ್ರಿ ಮಾರ್ಫಾದಲ್ಲೋ ಕಾಗ್‌ಬೇನಿಯಲ್ಲೋ (2,800 ಮೀ.) ಮಲಗಿ, ಮರುದಿನ ಬೆಳಗ್ಗೆ ಮೇಲೆ ಹೋಗಿ, ಮತ್ತೆ ಕೆಳಗೇ ಬಂದು ಮಲಗುವುದು ವಯಸ್ಸಾದವರಿಗೆ ಹೇಳಿಮಾಡಿಸಿದ ಕ್ರಮ. ಮುಕ್ತಿನಾಥ ದೇಗುಲದ 108 ಧಾರೆಗಳ ನೀರು ಹಿಮ ಕರಗಿದಷ್ಟೇ ತಣ್ಣಗಿರುತ್ತದೆ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಪ್ರೋಕ್ಷಣೆಗೆ ತೃಪ್ತರಾಗಲಿ.

ಕೈಲಾಸ ಯಾತ್ರೆಯ ರಸ್ತೆಯ ಮೆಟ್ಟಿಲು ಎಲ್ಲಕ್ಕಿಂತ ಕಡಿದು. ಗಡಿ ದಾಟಿದೊಡನೆ ಸಿಗುವ ಟಿಬೆಟ್‌ನ ಕೇರುಂಗ್ ಸುಮಾರು 2,800, ಮುಂದಿನ ತಂಗು ಸಾಗಾ 4,500. ಒಂದೇ ದಿನಕ್ಕೆ 1,700 ಮೀಟರ್. ನಿಯಮ ಇಲ್ಲಿ ಮುರಿದೇ ಮುರಿಯುತ್ತದೆ, ಏಕೆಂದರೆ ನಡುವೆ ತಂಗಲು ಒಳ್ಳೆಯ ಊರು ವಿರಳ. ಹಾಗಾಗಿ ಆಯೋಜಕರನ್ನು ಹಣ ಕಟ್ಟುವ ಮೊದಲೇ ಎರಡು ಪ್ರಶ್ನೆ ಕೇಳಿ: ಕೇರುಂಗ್‌ನಲ್ಲಿ ಎರಡು ರಾತ್ರಿ ಇದೆಯೇ, ಸಾಗಾದಲ್ಲಿ ಎರಡು ರಾತ್ರಿ ಇದೆಯೇ? ಎರಡಕ್ಕೂ ಇಲ್ಲ ಎಂದರೆ ಬೇರೆ ತಂಡ ಹುಡುಕಿ. ಪರಿಕ್ರಮದ ಡೋಲ್ಮಾ ಲಾ 5,630 ಮೀಟರ್. ಅಲ್ಲಿ ಗಾಳಿಯ ಒತ್ತಡ ಕಡಲಮಟ್ಟದ ಅರ್ಧದಷ್ಟು.

ಕೆಡುವುದು ಹೇಗೆ ಗೊತ್ತಾಗುತ್ತದೆ? ತಲೆನೋವಿನ ಜೊತೆ ಹಸಿವಿಲ್ಲದಿರುವುದು, ವಾಕರಿಕೆ, ಸುಸ್ತು, ನಿದ್ದೆಗೇಡು ಇದ್ದರೆ ಎತ್ತರದ ಕಾಯಿಲೆ ಎಂದೇ ತಿಳಿದು ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಒಂದು ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಹತ್ತು ಹೆಜ್ಜೆ ಇಡಲು ಹೇಳಿ. ತೂರಾಡಿದರೆ ಮಿದುಳು ಊದಿದೆ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಿದೆ. ಈ ಎರಡಕ್ಕೂ ರಾತ್ರಿ ಹಗಲೆನ್ನದೆ ಇಳಿಸುವುದೇ ಚಿಕಿತ್ಸೆ. ಸುಧಾರಿಸುವ ತನಕ, ಸಾಮಾನ್ಯವಾಗಿ 300ರಿಂದ 1,000 ಮೀಟರ್. ಆಮ್ಲಜನಕ, ಔಷಧ ಇಳಿಯಲು ನೆರವು, ಇಳಿಯುವುದಕ್ಕೆ ಬದಲಿ ಅಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಚಳಿಗೆ ಬೆರಳು ತಣ್ಣಗಾದಾಗ ಸುಳ್ಳು ಹೇಳುತ್ತದೆ. ಅಂಕಿಗಿಂತ ಮನುಷ್ಯನನ್ನು ನೋಡಿ. ಅಸಿಟಜೋಲಮೈಡ್ ಮಾತ್ರೆಯನ್ನು ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿ.ಗ್ರಾಂ.ನಂತೆ ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಒಗ್ಗದವರು, ಮೂತ್ರಪಿಂಡದ ತೊಂದರೆಯವರು ಇರುತ್ತಾರೆ, ಆದ್ದರಿಂದ ನಿಮ್ಮ ವೈದ್ಯರನ್ನು ಕೇಳದೆ ನುಂಗಬೇಡಿ. ಉಪವಾಸ ಮಾಡುವವರು ನೀರನ್ನಾದರೂ ಬಿಡಬಾರದು.

ವಿಮೆಯ ಕಾಗದದಲ್ಲಿ ಎಷ್ಟು ಮೀಟರ್‌ವರೆಗೆ ಎಂದು ಬರೆದಿರುತ್ತದೆ. ನಿಮ್ಮ ಪಟ್ಟಿಯ ಅತಿ ದೊಡ್ಡ ಅಂಕಿಗಿಂತ ಅದು ಕಡಿಮೆ ಇದ್ದರೆ ಆ ವಿಮೆ ಇದ್ದೂ ಇಲ್ಲದ ಹಾಗೆ.

7. ಕೊನೆಗೆ ಖಾಲಿ ದಿನ ಸೇರಿಸಿ

ಸಣ್ಣ ವಿಮಾನಗಳು ಕಣ್ಣಿಗೆ ದಾರಿ ಕಂಡರಷ್ಟೇ ಹಾರುತ್ತವೆ. ಲುಕ್ಲಾದ ಓಡುದಾರಿ 527 ಮೀಟರ್, ಅದೂ ಇಳಿಜಾರು. ಒಂದು ಮೋಡ ಸಾಕು ಮುಚ್ಚಲು. ದಟ್ಟಣೆಯ ತಿಂಗಳುಗಳಲ್ಲಿ ಲುಕ್ಲಾ ವಿಮಾನ ಕಾಠ್ಮಂಡುವಿನಿಂದಲ್ಲ, ನಾಲ್ಕೈದು ಗಂಟೆ ರಸ್ತೆ ದೂರದ ಮಂಥಲಿಯಿಂದ ಹೊರಡುತ್ತದೆ. ನಡುರಾತ್ರಿಯ ಪ್ರಯಾಣಕ್ಕೆ ಸಿದ್ಧರಿರಿ. ಲುಕ್ಲಾ, ಹುಮ್ಲಾದ ಸಿಮಿಕೋಟ್‌ಗೆ ಎರಡು ಖಾಲಿ ದಿನ, ಜೊಮ್ಸೊಮ್‌ಗೆ ಒಂದು. ಇವನ್ನು ಕೊನೆಯಲ್ಲಿ ಇಡಿ, ಬೆಂಗಳೂರಿನ ಟಿಕೆಟ್‌ಗೆ ಹಿಂದಿನ ದಿನಗಳಾಗಿ. ಗಡಿಯಾರವನ್ನು 15 ನಿಮಿಷ ಮುಂದಿಡುವುದು ಮರೆತು ಬೆಳಗಿನ ವಿಮಾನ ತಪ್ಪಿಸಿಕೊಂಡವರೂ ಉಂಟು. ಅಲ್ಲಿಯ ಹೊತ್ತು ನಮಗಿಂತ ಕಾಲು ಗಂಟೆ ಮುಂದೆ.

ಜೊಮ್ಸೊಮ್‌ನಲ್ಲಿ ಒಂಬತ್ತರವರೆಗೂ ವಿಮಾನ ಬರಲಿಲ್ಲವೆಂದರೆ ಕೌಂಟರ್ ಮುಂದೆ ಕಾಯುತ್ತ ನಿಲ್ಲಬೇಡಿ. ಒಬ್ಬರು ಟಿಕೆಟ್ ಹಣ ವಾಪಸಿಗೆ ನಿಲ್ಲಲಿ, ಇನ್ನೊಬ್ಬರು ಜೀಪ್ ಸ್ಟ್ಯಾಂಡಿಗೆ ಹೋಗಿ ಪೊಖರಾಕ್ಕೆ ಸೀಟು ಹಿಡಿಯಲಿ. ಹತ್ತೂವರೆಗೆ ಗಾಳಿ ಎದ್ದ ಮೇಲೆ ಊರಿನವರೆಲ್ಲ ಅಲ್ಲಿಗೇ ಬರುತ್ತಾರೆ.